ಇಪ್ಪತ್ತನೇ ಪುಟದಲ್ಲಿ ಪುಸ್ತಕ ಮುಚ್ಚುವ ಹುಡುಗನಿಗೆ ಯಾವ ಕಾದಂಬರಿ ಕೊಡಲಿ?

ಪ್ರಶ್ನೆ: ನನ್ನ ಮಗನಿಗೆ 14 ವರ್ಷ. ಹತ್ತು ಹನ್ನೊಂದರ ವಯಸ್ಸಿನಲ್ಲಿ ಪುಸ್ತಕ ಹಿಡಿದರೆ ಊಟಕ್ಕೂ ಏಳುತ್ತಿರಲಿಲ್ಲ. ಈಗ ಎರಡು ವರ್ಷದಿಂದ ಏನು ತಂದುಕೊಟ್ಟರೂ ಇಪ್ಪತ್ತು ಪುಟ ದಾಟುವುದಿಲ್ಲ, ‘ಬೋರು’ ಅಂತ ಪಕ್ಕಕ್ಕಿಡುತ್ತಾನೆ. ನಮ್ಮ ಜೊತೆಗೇ ಇರುವ ಅಕ್ಕನ ಮಗಳಿಗೆ 16. ಅವಳು ಓದುತ್ತಾಳೆ, ಆದರೆ ಬರೀ ಪ್ರೇಮ, ಮಾಟ, ಕೊಲೆ. ಅವನಿಗೆ ಹಿಡಿದು ಕೂರಿಸುವಂಥ, ಅವಳಿಗೆ ಇನ್ನೊಂದಿಷ್ಟು ತೂಕವಿರುವ ಕಾದಂಬರಿಗಳನ್ನು ಹೇಳುತ್ತೀರಾ? ಈ ವಯಸ್ಸಿನವರ ಕಾದಂಬರಿಗಳಲ್ಲಿ ಸಾವು, ಹಿಂಸೆ ಇಷ್ಟೊಂದು ಇರುತ್ತದಲ್ಲ, ಕೊಡಬಹುದೇ? ಸಿನಿಮಾ ಮೊದಲೇ ನೋಡಿಬಿಟ್ಟರೆ ಪುಸ್ತಕ ಓದುತ್ತಾರೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ‘ಇಪ್ಪತ್ತು ಪುಟ’ ಅನ್ನುವಲ್ಲಿ. ಶಾಲೆಯ ಲೈಬ್ರರಿಯಲ್ಲಿ 22 ವರ್ಷದಿಂದ ಪುಸ್ತಕ ಕೊಡುತ್ತ, ವಾಪಸು ತೆಗೆದುಕೊಳ್ಳುತ್ತ ಬಂದವನು ನಾನು. ಹಿಂದಕ್ಕೆ ಬಂದ ಪುಸ್ತಕದ ಅಂಚನ್ನು ಬೆರಳಲ್ಲಿ ಸವರಿದರೆ ಸಾಕು, ಎಲ್ಲಿಯವರೆಗೆ ಓದಿದ್ದಾರೆ ಅನ್ನುವುದು ತಿಳಿದುಹೋಗುತ್ತದೆ. ಓದಿದ ಹಾಳೆಗಳು ಸಡಿಲವಾಗಿ, ಒಂದಿಷ್ಟು ಮಬ್ಬಾಗಿರುತ್ತವೆ. ಓದದವು ಹೊಸ ನೋಟಿನ ಕಟ್ಟಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಎಂಟನೇ ಒಂಬತ್ತನೇ ತರಗತಿಯ ಮಕ್ಕಳು ಬಿಟ್ಟುಕೊಟ್ಟ ಪುಸ್ತಕಗಳಲ್ಲಿ ಆ ಗೆರೆ ಹದಿನೈದನೇ ಪುಟಕ್ಕೂ ಮೂವತ್ತನೇ ಪುಟಕ್ಕೂ ನಡುವೆ ಎಲ್ಲೋ ಇರುತ್ತದೆ. ನಿಮ್ಮ ಮಗ ಒಬ್ಬನೇ ಅಲ್ಲ.

ಅಲ್ಲೇ ಯಾಕೆ ನಿಲ್ಲುತ್ತಾರೆ? ದೊಡ್ಡವರು ‘ಒಳ್ಳೆಯ ಪುಸ್ತಕ’ ಅಂತ ಆರಿಸುವ ಬಹಳಷ್ಟು ಕಾದಂಬರಿಗಳು ಮೊದಲ ಇಪ್ಪತ್ತು ಪುಟದಲ್ಲಿ ಊರು, ಮನೆ, ವಂಶ, ಹವಾಮಾನ ಎಲ್ಲವನ್ನೂ ಹಾಸಿ ಹರವುತ್ತ ಕೂರುತ್ತವೆ. ನಮಗೆ ಅದು ಹಿತ. ಮುಂದೆ ಏನೋ ಬರುತ್ತದೆ ಅನ್ನುವ ನಂಬಿಕೆ ಓದಿ ಓದಿ ನಮಗೆ ಬಂದಿದೆ. 14ರ ಹುಡುಗನಿಗೆ ಆ ನಂಬಿಕೆ ಇನ್ನೂ ಹುಟ್ಟಿಲ್ಲ, ತಾನು ಯಾವುದಕ್ಕೆ ಕಾಯಬೇಕು ಅನ್ನುವುದೇ ಅವನಿಗೆ ಗೊತ್ತಿರುವುದಿಲ್ಲ. ಮೊಬೈಲನ್ನು ಬೈಯುವುದರಲ್ಲಿ ನನಗೆ ಆಸಕ್ತಿಯಿಲ್ಲ. ಅದು ಅವನನ್ನು ಹಿಡಿದಿರುವುದು ‘ಮುಂದೇನು’ ಅನ್ನುವ ಒಂದೇ ದಾರದಿಂದ, ಮತ್ತು ಆ ದಾರ ಕಾದಂಬರಿಯ ಕೈಯಲ್ಲೂ ಇದೆ.

ಹಾಗಾಗಿ ಪುಸ್ತಕದಿಂದ ದೂರ ಸರಿದ ಮಗುವಿಗೆ ಏನಾದರೂ ಆರಿಸುವಾಗ ನಾನು ಮಾಡುವುದು ಇಷ್ಟೇ. ಮೊದಲ ಅಧ್ಯಾಯ ಓದಿ ಪುಸ್ತಕ ಮುಚ್ಚುತ್ತೇನೆ. ‘ಈಗ ನನಗೆ ಏನು ಗೊತ್ತಾಗಲೇಬೇಕು?’ ಅಂತ ಕೇಳಿಕೊಳ್ಳುತ್ತೇನೆ. ಒಂದು ಸಾಲಿನಲ್ಲಿ ಉತ್ತರ ಬಂದರೆ ಆ ಪುಸ್ತಕ ಆಗುತ್ತದೆ. ತಡವರಿಸಿದರೆ, ಎಷ್ಟೇ ಪ್ರಶಸ್ತಿ ಬಂದಿದ್ದರೂ ಅದನ್ನು ಈ ಹುಡುಗನಿಗೆ ಈಗ ಕೊಡುವುದಿಲ್ಲ.

ಸುಜಾನ್ ಕಾಲಿನ್ಸ್ ಅವರ ‘ದಿ ಹಂಗರ್ ಗೇಮ್ಸ್’ (2008) ನೋಡಿ. ವರ್ಷಕ್ಕೊಮ್ಮೆ 12 ಜಿಲ್ಲೆಗಳಿಂದ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿ ಎತ್ತಿ ಆರಿಸಿ, 24 ಜನರನ್ನೂ ಒಂದು ಕಣಕ್ಕೆ ಬಿಡುತ್ತಾರೆ, ಉಳಿಯಬೇಕಾದವರು ಒಬ್ಬರೇ. ಮೊದಲ ಅಧ್ಯಾಯದಲ್ಲಿ ಕಥೆ ಹೇಳುವ ಕ್ಯಾಟ್‌ನಿಸ್ ನಮಗೆ ಲೆಕ್ಕ ಒಪ್ಪಿಸುತ್ತಾಳೆ: ಮನೆಗೆ ರೇಷನ್ ಸಿಗಲಿ ಅಂತ ಹೆಚ್ಚಿನ ಸಲ ಬರೆಸಿ ಬರೆಸಿ ತನ್ನ ಹೆಸರು ಈಗ 20 ಚೀಟಿಯಲ್ಲಿದೆ, ಪುಟ್ಟ ತಂಗಿ ಪ್ರಿಮ್‌ಳ ಹೆಸರಿನ ಚೀಟಿ ಒಂದೇ ಒಂದು. ಸಾವಿರಾರು ಚೀಟಿಗಳ ನಡುವೆ ಒಂದು. ಅಧ್ಯಾಯದ ಕೊನೆಯ ಸಾಲಿನಲ್ಲಿ ಆ ಒಂದು ಚೀಟಿಯೇ ಹೊರಗೆ ಬರುತ್ತದೆ. ಅಲ್ಲಿ ಪುಸ್ತಕ ಕೆಳಗಿಟ್ಟವರನ್ನು ನಾನು ಕಂಡಿಲ್ಲ. ಕಾಲಿನ್ಸ್ ಕಾದಂಬರಿಗೆ ಬರುವ ಮೊದಲು ಟೀವಿಗೆ ಬರೆಯುತ್ತಿದ್ದವರು. ಅಧ್ಯಾಯವನ್ನು ಎಲ್ಲಿ ಕತ್ತರಿಸಬೇಕು ಅನ್ನುವುದು ಅವರ ಕೈಗೆ ರೂಢಿ. ಒಂದೊಂದು ಭಾಗಕ್ಕೆ 9 ಅಧ್ಯಾಯದಂತೆ ಮೂರು ಭಾಗ, 27 ಅಧ್ಯಾಯ. ಹೆಚ್ಚಿನವು ಇದೇ ಥರ ಉಸಿರು ಹಿಡಿದಲ್ಲಿ ನಿಲ್ಲುತ್ತವೆ.

ಆದರೂ ನಿಮ್ಮ ಮಗನಿಗೆ ಮೊದಲು ಕೊಡಿ ಅಂತ ನಾನು ಹೇಳುವುದು ಇದನ್ನಲ್ಲ. ಲೂಯಿ ಸ್ಯಾಕರ್ ಅವರ ‘ಹೋಲ್ಸ್’ (1998) ಕೊಡಿ.

ಕಾರಣ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮಲ್ಲಿ ಒಬ್ಬ ಹುಡುಗನಿದ್ದ. ಪ್ರತಿ ವಾರ ಒಂದು ಪುಸ್ತಕ ಒಯ್ಯುತ್ತಿದ್ದ, ಪ್ರತಿ ವಾರ ವಾಪಸು ತರುತ್ತಿದ್ದ, ಅಂಚು ಸವರಿದರೆ ಎಲ್ಲ ಹೊಸದೇ. ಒಯ್ಯದಿದ್ದರೆ ಮನೆಯಲ್ಲಿ ಕೇಳುತ್ತಾರೆ ಅನ್ನುವುದಷ್ಟೇ ಅವನ ಕಾರಣ. ಒಂದು ದಿನ ಅವನಿಗೆ ಪುಸ್ತಕ ಕೊಡದೆ, ಕಥೆ ಹೇಳಿದೆ: ‘ಒಬ್ಬ ಹುಡುಗ ದಾರಿಯಲ್ಲಿ ನಡೆದು ಹೋಗ್ತಿರ್ತಾನೆ, ಮೇಲಿಂದ ಒಂದು ಜೊತೆ ಶೂ ತಲೆ ಮೇಲೆ ಬೀಳುತ್ತೆ. ಕದ್ದಿದ್ದಾನೆ ಅಂತ ಅವನನ್ನ ಹಿಡೀತಾರೆ. ಜೈಲು ಬೇಕೋ ಶಿಬಿರ ಬೇಕೋ ಅಂತ ಕೇಳ್ತಾರೆ. ಶಿಬಿರದ ಹೆಸರು ಹಸಿರು ಕೆರೆ, ಅಲ್ಲಿ ಕೆರೆಯೇ ಇಲ್ಲ. ದಿನಾ ಒಬ್ಬೊಬ್ಬರೂ ಐದಡಿ ಆಳ, ಐದಡಿ ಅಗಲದ ಒಂದು ಗುಂಡಿ ತೋಡಬೇಕು. ಬುದ್ಧಿ ಬರಲಿ ಅಂತ ತೋಡಿಸ್ತೀವಿ ಅಂತಾರೆ. ಆದರೆ ಗುಂಡೀಲಿ ಏನಾದ್ರೂ ಸಿಕ್ಕಿದ್ರೆ ಮಾತ್ರ ತಂದು ತೋರಿಸಬೇಕು.’ ಅಲ್ಲಿಗೆ ನಿಲ್ಲಿಸಿದೆ. ಅವನು ‘ಏನು ಹುಡುಕ್ತಾ ಇದಾರೆ?’ ಅಂದ. ನಾನು ಪುಸ್ತಕ ಕೈಗಿಟ್ಟೆ. ಮಧ್ಯಾಹ್ನದ ಬಿಡುವಿನಲ್ಲಿ ಕಿಟಕಿಯ ಕೆಳಗೆ, ನೆಲದ ಮೇಲೆ, ಬೂಟು ಬಿಚ್ಚಿ ಪಕ್ಕಕ್ಕಿಟ್ಟು ಓದುತ್ತಿದ್ದ. ಬೆಲ್ಲು ಹೊಡೆದಾಗ ಒಂದು ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಪುಟದ ಮೇಲಿನ ಕಣ್ಣು ತೆಗೆಯದೆ ಬಾಗಿಲವರೆಗೆ ಹೋದ.

‘ಹೋಲ್ಸ್’ ಗೆಲ್ಲುವುದು ಮೂರು ಕಾರಣಕ್ಕೆ. 230 ಪುಟದ ಆಸುಪಾಸಿನ ಪುಸ್ತಕದಲ್ಲಿ 50 ಅಧ್ಯಾಯ, ಅಂದರೆ ಒಂದೊಂದಕ್ಕೆ ನಾಲ್ಕೈದು ಪುಟ. ‘ಇನ್ನೊಂದೇ ಒಂದು’ ಅನ್ನುತ್ತ ಹುಡುಗ ಹತ್ತು ಮುಗಿಸಿರುತ್ತಾನೆ. ವಾಕ್ಯಗಳು ಚಿಕ್ಕವು, ಆದರೆ ಮಗುವಿನ ಪುಸ್ತಕ ಅನ್ನಿಸುವುದಿಲ್ಲ. ಎರಡನೆಯ ಭಾಷೆಯಲ್ಲಿ ಓದುವವರಿಗೆ ಇದು ದೊಡ್ಡ ವರ. ಮೂರನೆಯದು ಕಟ್ಟಡ. ನೂರು ವರ್ಷ ಹಿಂದಿನ ಒಂದು ಕಥೆ, ಅದಕ್ಕೂ ಹಿಂದಿನ ಒಂದು ಶಾಪದ ಕಥೆ, ಇವತ್ತಿನ ಗುಂಡಿ ತೋಡುವ ಕಥೆ, ಮೂರೂ ಬೇರೆ ಬೇರೆ ಹರಿದು ಕೊನೆಗೆ ಬೀಗಕ್ಕೆ ಕೀಲಿ ಕೂತ ಹಾಗೆ ಕೂರುತ್ತವೆ. ಸುಮ್ಮನೆ ಬಂದಿದ್ದ ಈರುಳ್ಳಿಗೂ ಕೆಲಸ ಇರುತ್ತದೆ. ಮುಗಿಸಿದ ಮೇಲೆ ಹುಡುಗರು ಹಿಂದಕ್ಕೆ ತಿರುಗಿಸಿ ‘ಇಲ್ಲೇ ಹೇಳಿಬಿಟ್ಟಿದ್ದ!’ ಅಂತ ಹುಡುಕುವುದನ್ನು ನೋಡಬೇಕು. ಈ ಕಾದಂಬರಿಗೆ 1999ರಲ್ಲಿ ಅಮೆರಿಕದ ಮಕ್ಕಳ ಸಾಹಿತ್ಯಕ್ಕೆ ಕೊಡುವ ನ್ಯೂಬೆರಿ ಪದಕ ಬಂತು. ಪದಕದ ಪುಸ್ತಕಗಳು ಮಕ್ಕಳಿಗೆ ಹಿಡಿಸುವುದಿಲ್ಲ ಅನ್ನುವ ನನ್ನ ಹಳೆಯ ಗೊಣಗಾಟಕ್ಕೆ ಇದು ಅಪವಾದ.

‘ಹಿಡಿದಿಡುವುದು’ ಅಂದರೆ ಓಟ, ಗುಂಡಿನ ಸದ್ದು, ಬಾಂಬು ಅಂತ ಅಂದುಕೊಂಡರೆ ತಪ್ಪು ಪುಸ್ತಕ ತರುತ್ತೀರಿ. ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ (1987) ತೆಗೆದುಕೊಳ್ಳಿ. 13ರ ಬ್ರಯನ್ ಪುಟ್ಟ ವಿಮಾನದಲ್ಲಿ ಕೆನಡಾದ ಕಾಡಿನ ಮೇಲೆ ಹಾರುತ್ತಿರುವಾಗ ಪೈಲಟ್‌ಗೆ ಹೃದಯಾಘಾತ. ವಿಮಾನ ಸರೋವರಕ್ಕೆ ಬೀಳುತ್ತದೆ. ಹುಡುಗನ ಹತ್ತಿರ ಉಳಿದದ್ದು ಅಮ್ಮ ಉಡುಗೊರೆ ಕೊಟ್ಟ ಕೈಗೊಡಲಿ, ಮೈಮೇಲಿನ ಬಟ್ಟೆ. ಇಷ್ಟಾದ ಮೇಲೆ 54 ದಿನ ಹೆಚ್ಚೂಕಡಿಮೆ ಅವನೊಬ್ಬನೇ. ಮಾತಾಡಲು ಇನ್ನೊಂದು ಪಾತ್ರ ಇಲ್ಲ. ನನ್ನ ಪ್ರಕಾರ ಅದರಲ್ಲಿ ಎಲ್ಲಕ್ಕಿಂತ ಹಿಡಿಯುವ ಭಾಗ ವಿಮಾನ ಬೀಳುವುದಲ್ಲ, ಬೆಂಕಿ ಹಚ್ಚುವುದು. ಕತ್ತಲಲ್ಲಿ ಎಸೆದ ಕೊಡಲಿ ಕಲ್ಲಿಗೆ ಬಡಿದು ಕಿಡಿ ಹಾರಿದ್ದು ಅವನಿಗೆ ಆಮೇಲೆ ನೆನಪಾಗುತ್ತದೆ. ಒಣ ಹುಲ್ಲಿಟ್ಟು ಬಡಿಯುತ್ತಾನೆ, ಹತ್ತುವುದಿಲ್ಲ. ಜೇಬಿನಲ್ಲಿದ್ದ 20 ಡಾಲರಿನ ನೋಟನ್ನು ಚೂರು ಚೂರು ಹರಿದಿಡುತ್ತಾನೆ, ಹತ್ತುವುದಿಲ್ಲ. ಬರ್ಚ್ ಮರದ ತೊಗಟೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಬಿಡಿಸಿ ಗೂಡು ಮಾಡುತ್ತಾನೆ. ಕಿಡಿ ಕೂರುತ್ತದೆ, ಕೆಂಪಾಗುತ್ತದೆ, ಆರುತ್ತದೆ. ಇನ್ನೇನು ಬೇಕು? ಗಾಳಿ! ಊದಬೇಕು. ಪುಟಗಟ್ಟಲೆ ಒಂದು ಕಿಡಿಯ ಹಿಂದೆ ಹೋಗುತ್ತೇವೆ, ಒಬ್ಬನೂ ಬೋರು ಅನ್ನುವುದಿಲ್ಲ. ಆಟದ ಒಂದು ಹಂತ ದಾಟಲು ಐವತ್ತು ಸಲ ಸೋಲುವ ಹುಡುಗನಿಗೆ ಈ ತಾಳ್ಮೆ ಪರಿಚಿತ. ಅವನು ಆಡುವ ಆಟ ಯಾವುದು ಅಂತ ವಿಚಾರಿಸಿ ನೋಡಿ. ಗೂಡು ಕಟ್ಟಿ, ಸಾಮಾನು ಕೂಡಿಹಾಕಿ ಬದುಕುಳಿಯುವ ಆಟವಾದರೆ ‘ಹೋಲ್ಸ್’ಗೂ ಮೊದಲು ‘ಹ್ಯಾಚೆಟ್’ ಇಡಿ.

ಆಟ, ಸಿನಿಮಾ, ಕೊನೆಯದಾಗಿ ಇಷ್ಟಪಟ್ಟ ಯಾವುದಾದರೂ ಕಥೆ, ಇದನ್ನು ಕೇಳದೆ ಪುಸ್ತಕ ಹೇಳುವುದು ನಾಡಿ ನೋಡದೆ ಮದ್ದು ಕೊಟ್ಟ ಹಾಗೆ. ‘ನಿನಗೆ ಯಾವ ಥರದ ಪುಸ್ತಕ ಇಷ್ಟ?’ ಅಂತ ಕೇಳಿದರೆ ಭುಜ ಕುಣಿಸುತ್ತಾರೆ. ‘ಇತ್ತೀಚೆಗೆ ನೋಡಿದ್ದರಲ್ಲಿ ಯಾವುದನ್ನ ನಿನ್ನ ಫ್ರೆಂಡಿಗೆ ಹೇಳಿದೆ?’ ಅಂದರೆ ಹತ್ತು ನಿಮಿಷ ಮಾತಾಡುತ್ತಾರೆ. ಆ ಮಾತಿನಲ್ಲಿ ವಿಷಯಕ್ಕಿಂತ ರುಚಿ ಮುಖ್ಯ. ಅವನು ‘ಕೊನೇವರೆಗೂ ಯಾರು ಅಂತ ಗೊತ್ತಾಗಲ್ಲ’ ಅಂದನೋ, ‘ಅವನ ಹತ್ರ ಏನೂ ಇರಲ್ಲ, ಆದ್ರೂ’ ಅಂದನೋ, ‘ಆ ಗ್ಯಾಂಗು’ ಅಂದನೋ ಗಮನಿಸಿ.

‘ಏನೂ ಇರಲ್ಲ, ಆದ್ರೂ’ ಅಂದರೆ ಆಗಲೇ ಹೇಳಿದ ‘ಹ್ಯಾಚೆಟ್’. ‘ಯಾರು ಅಂತ ಗೊತ್ತಾಗಲ್ಲ’ ಅಂದರೆ ಕ್ಯಾರನ್ ಮೆಕ್‌ಮ್ಯಾನಸ್ ಅವರ ‘ಒನ್ ಆಫ್ ಅಸ್ ಈಸ್ ಲೈಯಿಂಗ್’ (2017). ಶಿಕ್ಷೆಗೆಂದು ಒಂದು ಕೋಣೆಯಲ್ಲಿ ಕೂರಿಸಿದ ಐವರಲ್ಲಿ ಒಬ್ಬ ಸಾಯುತ್ತಾನೆ. ಉಳಿದ ನಾಲ್ವರೂ ಸರದಿಯಲ್ಲಿ ಕಥೆ ಹೇಳುತ್ತಾರೆ, ನಾಲ್ವರ ಗುಟ್ಟೂ ಸತ್ತವನಿಗೆ ಗೊತ್ತಿತ್ತು. ಭಾಷೆಯಲ್ಲಿ ಅಂಥ ವಿಶೇಷವೇನಿಲ್ಲ, ಆದರೆ ಗಡಿಯಾರದ ಹಾಗೆ ನಡೆಯುತ್ತದೆ. ಅದು ಹಿಡಿಸಿದವರಿಗೆ ನಾನು ನೇರವಾಗಿ ಅಗಾಥಾ ಕ್ರಿಸ್ಟಿಯವರ ‘ಅಂಡ್ ದೆನ್ ದೇರ್ ವರ್ ನನ್’ (1939) ಕೊಡುತ್ತೇನೆ. ಹದಿಹರೆಯದವರಿಗೆ ಅಂತ ಬರೆದದ್ದಲ್ಲ. ದ್ವೀಪದಲ್ಲಿ ಹತ್ತು ಜನ, ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಹೋಗುತ್ತಾರೆ. 80 ವರ್ಷ ದಾಟಿದ ಪುಸ್ತಕ, ಇನ್ನೂ ಸವೆದಿಲ್ಲ.

‘ಆ ಗ್ಯಾಂಗು’ ಅಂದವನಿಗೆ ಎಸ್.ಇ. ಹಿಂಟನ್ ಅವರ ‘ದಿ ಔಟ್‌ಸೈಡರ್ಸ್’. ಕೊಡುವಾಗ ಒಂದು ಮಾತು ಹೇಳಿ: ಇದನ್ನು ಬರೆಯಲು ಕೂತಾಗ ಆಕೆ ಇನ್ನೂ ಹೈಸ್ಕೂಲು ಹುಡುಗಿ, 1967ರಲ್ಲಿ ಅಚ್ಚಾದಾಗ 18 ವರ್ಷ. ತನ್ನ ಸುತ್ತಲಿನ ಹುಡುಗರು ಯಾವ ಪುಸ್ತಕದಲ್ಲೂ ಇಲ್ಲ ಅನ್ನುವ ಸಿಟ್ಟಿಗೆ ಬರೆದದ್ದು. ಹುಡುಗರ ಕಥೆಯನ್ನು ಹುಡುಗಿ ಬರೆದಿದ್ದಾಳೆ ಅಂದರೆ ವಿಮರ್ಶಕರು ಮೂಗು ಮುರಿದಾರು ಅಂತ ಪ್ರಕಾಶಕರು ಹೆಸರಿನ ಬದಲು ಇನಿಷಿಯಲ್ ಹಾಕಿಸಿದರು. ಈ ಸಂಗತಿ ಕೇಳಿಯೇ ಪುಸ್ತಕ ಎತ್ತಿಕೊಂಡ ಹುಡುಗಿಯರಿದ್ದಾರೆ. ಗುಂಪಿನ ಸೆಳೆತ ಹುಡುಗನನ್ನು ಇನ್ನೂ ಅಪಾಯದ ಕಡೆ ಒಯ್ಯುವ ಕಥೆ ಬೇಕಾದರೆ ಪಾರೊ ಆನಂದ್ ಅವರ ‘ನೋ ಗನ್ಸ್ ಅಟ್ ಮೈ ಸನ್ಸ್ ಫ್ಯೂನರಲ್’ ಇದೆ. ಕಾಶ್ಮೀರದ ಹುಡುಗನೊಬ್ಬ ಉಗ್ರರ ಕಡೆ ವಾಲುವ ಕಥೆ. 15 ದಾಟಿದ ಮೇಲೆ ಸಾಕು.

ದಪ್ಪ ಪುಸ್ತಕ ನೋಡಿದ ತಕ್ಷಣ ಮುಖ ಸಣ್ಣದಾಗುವವರಿಗೆ ನನ್ನ ಗುಟ್ಟಿನ ಅಸ್ತ್ರ ಪದ್ಯದ ಕಾದಂಬರಿ. ಪದ್ಯ ಅಂದರೆ ಹೆದರಬೇಡಿ, ಛಂದಸ್ಸು ಗಿಂದಸ್ಸು ಏನಿಲ್ಲ, ಸಾಲು ಚಿಕ್ಕದು, ಪುಟದಲ್ಲಿ ಬಿಳಿ ಜಾಗ ಹೆಚ್ಚು. ಜೇಸನ್ ರೆನಾಲ್ಡ್ಸ್ ಅವರ ‘ಲಾಂಗ್ ವೇ ಡೌನ್’ (2017) ಬಹುಪಾಲು ನಡೆಯುವುದು ಒಂದು ಲಿಫ್ಟಿನಲ್ಲಿ, ಸುಮಾರು 60 ಸೆಕೆಂಡಿನಲ್ಲಿ. ಅಣ್ಣನನ್ನು ಗುಂಡಿಟ್ಟು ಕೊಂದಿದ್ದಾರೆ. 15ರ ವಿಲ್ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಸೇಡಿಗೆ ಇಳಿಯುತ್ತಿದ್ದಾನೆ. ಪ್ರತಿ ಮಹಡಿಯಲ್ಲೂ ಬಾಗಿಲು ತೆರೆಯುತ್ತದೆ, ಯಾರೋ ಒಳಗೆ ಬರುತ್ತಾರೆ, ಬರುವವರೆಲ್ಲ ಸತ್ತವರು. ಒಂದೇ ಕೂರುವಿಕೆಯಲ್ಲಿ ಮುಗಿಯುತ್ತದೆ. 300 ಪುಟದ ಪುಸ್ತಕ ಮುಗಿಸಿದೆ ಅಂತ ಹುಡುಗ ಹೇಳಿಕೊಳ್ಳುವಾಗ ಅವನ ಮುಖ ನೋಡಿ. ಸುಳ್ಳೇನೂ ಅಲ್ಲ, 300 ಪುಟವೇ. ಕೊನೆಯ ಪುಟದಲ್ಲಿ ಅವನು ತಲೆಯೆತ್ತಿ ‘ಹಂಗಾದ್ರೆ ಅವನು ಹೋದನಾ ಇಲ್ವಾ?’ ಅಂತ ಕೇಳುತ್ತಾನೆ. ನೀವು ಮೊದಲೇ ಓದಿಟ್ಟುಕೊಂಡಿರಿ, ಜಗಳ ಆಡಲು ಚೆನ್ನಾಗಿರುತ್ತದೆ. ಆಟೋಟದ ಹುಚ್ಚಿದ್ದರೆ ಇದೇ ಬಗೆಯ ‘ದಿ ಕ್ರಾಸೋವರ್’ (2014), ಕ್ವಾಮೆ ಅಲೆಗ್ಸಾಂಡರ್ ಅವರದು, ಬ್ಯಾಸ್ಕೆಟ್‌ಬಾಲ್ ಆಡುವ ಅವಳಿ ಅಣ್ಣತಮ್ಮಂದಿರ ಕಥೆ. ನೃತ್ಯವಾದರೆ ಪದ್ಮಾ ವೆಂಕಟರಾಮನ್ ಅವರ ‘ಎ ಟೈಮ್ ಟು ಡಾನ್ಸ್’ (2014), ಕಾಲು ಕಳೆದುಕೊಂಡ ಭರತನಾಟ್ಯದ ಹುಡುಗಿಯದು. ಚಿತ್ರಗಳಲ್ಲಿ ಕಥೆ ಹೇಳುವ ಕಾಮಿಕ್ ಪುಸ್ತಕಗಳೂ ಓದೇ. ಜೀನ್ ಲೂಯೆನ್ ಯಾಂಗ್ ಅವರ ‘ಅಮೆರಿಕನ್ ಬಾರ್ನ್ ಚೈನೀಸ್’ಗೆ 2007ರಲ್ಲಿ, ಹದಿಹರೆಯದವರ ಪುಸ್ತಕಕ್ಕೆ ಅಮೆರಿಕದಲ್ಲಿ ಕೊಡುವ ಪ್ರಿಂಟ್ಜ್ ಪ್ರಶಸ್ತಿ ಬಂದಾಗಲೇ ಈ ವಾದ ಮುಗಿಯಬೇಕಿತ್ತು.

ಕನ್ನಡದಲ್ಲಿ ಓದುವ ಹುಡುಗನಾದರೆ ಇಷ್ಟು ಯೋಚಿಸಬೇಕಾಗಿಯೇ ಇಲ್ಲ, ಪೂರ್ಣಚಂದ್ರ ತೇಜಸ್ವಿ ಇದ್ದಾರೆ. ‘ಕರ್ವಾಲೋ’ (1980) ಹದಿಹರೆಯದವರಿಗೆ ಅಂತ ಬರೆದದ್ದಲ್ಲದಿದ್ದರೂ ನನ್ನ ಪರೀಕ್ಷೆಯಲ್ಲಿ ಸಲೀಸಾಗಿ ಪಾಸಾಗುತ್ತದೆ. ಅಷ್ಟು ದೊಡ್ಡ ವಿಜ್ಞಾನಿ, ಕೆಲಸಕ್ಕೆ ಬಾರದವನು ಅಂತ ಎಲ್ಲರೂ ನಗುವ ಮಂದಣ್ಣನ ಹಿಂದೆ ಯಾಕೆ ಬಿದ್ದಿದ್ದಾನೆ? ಈ ಪ್ರಶ್ನೆಯೊಂದು ಸಾಕು, ಹಾರುವ ಓತಿಯವರೆಗೆ ಹುಡುಗ ತಾನೇ ನಡೆದುಕೊಂಡು ಹೋಗುತ್ತಾನೆ. ನಡುವೆ ನಗು ಬೇರೆ. ‘ಜುಗಾರಿ ಕ್ರಾಸ್’ ಇನ್ನೂ ವೇಗ. ಇನ್ನೂ ಚಿಕ್ಕ ತುತ್ತು ಬೇಕಾದರೆ ಅವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್‌ನ ಕಾಡಿನ ಕಥೆಗಳು. ‘ಪೆದ್ದಚೆರುವಿನ ರಾಕ್ಷಸ’ ಹಿಡಿದ ಮಗು ಆ ಸಾಲಿನ ನಾಲ್ಕೂ ಪುಸ್ತಕ ಮುಗಿಸದೆ ಬಿಟ್ಟದ್ದು ನನಗೆ ನೆನಪಿಲ್ಲ.

ಇನ್ನು ಎಲ್ಲರೂ ಹೊಗಳುವ, ಆದರೆ ನಾನು ತಡೆದಿಡುವ ಒಂದು ಪುಸ್ತಕ. ಪ್ಯಾಟ್ರಿಕ್ ನೆಸ್ ಅವರ ‘ದಿ ನೈಫ್ ಆಫ್ ನೆವರ್ ಲೆಟಿಂಗ್ ಗೋ’ (2008). ಗಂಡಸರ ಮನಸ್ಸಿನಲ್ಲಿರುವುದೆಲ್ಲ ಊರಿಗೇ ಕೇಳಿಸುವ ಲೋಕ. ಅಲ್ಲಿ ಹುಡುಗನಿಗೆ ಒಂದು ದಿನ ನಿಶ್ಶಬ್ದದ ಒಂದು ತುಣುಕು ಸಿಗುತ್ತದೆ. ಅದ್ಭುತ ಆರಂಭ. ಆದರೆ ಹುಡುಗನಿಗೆ ಸರಿಯಾಗಿ ಓದುಬರಹ ಬರುವುದಿಲ್ಲವಾದ್ದರಿಂದ ಕಾಗುಣಿತವೂ ಅವನದೇ, ಬೇಕೆಂದೇ ತಪ್ಪು. ಇಂಗ್ಲಿಷಿನಲ್ಲಿ ಈಜು ಕಲಿತವನಿಗೆ ಅದು ಮಜಾ, ಕಲಿಯುತ್ತಿರುವವನಿಗೆ ಕಾಲಿಗೆ ಬಳ್ಳಿ ಸುತ್ತಿಕೊಂಡ ಹಾಗೆ. ಅದೇ ಲೇಖಕರ ‘ಎ ಮಾನ್‌ಸ್ಟರ್ ಕಾಲ್ಸ್’ (2011) ಕೊಡಿ. ರಾತ್ರಿ 12:07ಕ್ಕೆ ಮರವೊಂದು ದೈತ್ಯನಾಗಿ ಕಿಟಕಿಗೆ ಬರುತ್ತದೆ. ಮೂರು ಕಥೆ ನಾನು ಹೇಳುತ್ತೇನೆ, ನಾಲ್ಕನೆಯದು ನೀನು ಹೇಳಬೇಕು, ಅದು ನಿಜವಾಗಿರಬೇಕು ಅನ್ನುತ್ತದೆ. ಹುಡುಗ ಆ ನಾಲ್ಕನೆಯದನ್ನು ಬಚ್ಚಿಟ್ಟಿದ್ದಾನೆ, ಪುಸ್ತಕ ಪೂರ್ತಿ ನಿಂತಿರುವುದು ಅದರ ಮೇಲೆ. ಮೂಲ ಕಲ್ಪನೆ ಶಿವಾನ್ ಡೌಡ್ ಅವರದು. ಆಕೆ ಅದನ್ನು ಬರೆಯುವ ಮುನ್ನವೇ 2007ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಕಥೆಯಲ್ಲೂ ಹುಡುಗನ ಅಮ್ಮನಿಗೆ ಕಾಯಿಲೆ. ಮನೆಯಲ್ಲಿ ಯಾರಿಗಾದರೂ ಅಂಥ ಕಷ್ಟ ಇದ್ದರೆ, ಮಗುವಿಗೆ ಕೊಡುವ ಮೊದಲು ನೀವು ಓದಿ.

ಅಕ್ಕನ ಮಗಳ ವಿಷಯ. ಅವಳು ಓದುತ್ತಿದ್ದಾಳೆ ಅಂದಮೇಲೆ ಅರ್ಧ ಕೆಲಸ ಆಗಿದೆ. ‘ಪ್ರೇಮ, ಮಾಟ, ಕೊಲೆ’ ಅನ್ನುವಾಗ ನಿಮ್ಮ ಮೂಗು ಸ್ವಲ್ಪ ಸೊಟ್ಟಗಾದದ್ದು ಪತ್ರದಲ್ಲೇ ಕಾಣುತ್ತಿದೆ. ದಯವಿಟ್ಟು ಅವಳೆದುರು ಬೇಡ. ಅವಳ ರುಚಿಯನ್ನು ಬದಲಿಸಲು ಹೋಗದೆ, ಅದೇ ರುಚಿಯಲ್ಲಿ ಒಂದು ಮೆಟ್ಟಿಲು ಮೇಲಿನದನ್ನು ಕೊಡಿ. ಮಾಟದ ಲೋಕ ಇಷ್ಟವೇ? ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’ (2015): ಆರು ಜನ ಪುಂಡರು ಸೇರಿ ಯಾರೂ ನುಗ್ಗಲಾರದ ಕೋಟೆಗೆ ಕನ್ನ ಹಾಕಲು ಹೊರಡುತ್ತಾರೆ. ಮೊದಲ ಅಧ್ಯಾಯ ಒಬ್ಬ ಕಾವಲುಗಾರನದು, ಕಥೆಗೂ ಅವನಿಗೂ ಆಮೇಲೆ ಅಷ್ಟೇನೂ ಸಂಬಂಧವಿಲ್ಲ. ಅದನ್ನು ದಾಟು, ಎರಡನೆಯದರಿಂದ ಹಿಡಿಯುತ್ತದೆ ಅಂತ ಮೊದಲೇ ಹೇಳಿಬಿಡಿ. ಪ್ರೇಮದ ಜೊತೆ ಸ್ನೇಹವೂ ಬೇಕೆಂದರೆ ಎಲಿಜಬೆತ್ ವೈನ್ ಅವರ ‘ಕೋಡ್ ನೇಮ್ ವೆರಿಟಿ’ (2012). ಎರಡನೇ ಮಹಾಯುದ್ಧ, ನಾಜಿಗಳ ಕೈಗೆ ಸಿಕ್ಕಿಬಿದ್ದ ಹುಡುಗಿಯೊಬ್ಬಳು ತಪ್ಪೊಪ್ಪಿಗೆ ಬರೆಯುತ್ತಿದ್ದಾಳೆ, ಬರೆಯುವಷ್ಟು ದಿನ ಜೀವ. ಮೊದಲರ್ಧ ನಿಧಾನ ಅನ್ನಿಸಬಹುದು, ಎರಡನೇ ಅರ್ಧ ಅದನ್ನೆಲ್ಲ ತಿರುವಿಹಾಕುತ್ತದೆ. ನಾನು ಮುಗಿಸಿದ ರಾತ್ರಿಯೇ ಮತ್ತೆ ಮೊದಲ ಪುಟಕ್ಕೆ ಹೋಗಿ ಕೂತಿದ್ದೆ. ಮಾರ್ಕಸ್ ಝೂಸಾಕ್ ಅವರ ‘ದಿ ಬುಕ್ ಥೀಫ್’ (2005) ಕೂಡ ಅದೇ ಯುದ್ಧದ್ದು. ಕಥೆ ಹೇಳುವವನು ಸಾವು. ಯಾರು ಸಾಯುತ್ತಾರೆ ಅನ್ನುವುದನ್ನು ಮೊದಲೇ ಹೇಳಿಬಿಡುತ್ತಾನೆ, ಆದರೂ ಅಲ್ಲಿಗೆ ಬಂದಾಗ ಎದೆ ಕಟ್ಟುತ್ತದೆ. ಇವತ್ತಿನದೇ ಬೇಕು ಅಂದರೆ ಆಂಜಿ ಥಾಮಸ್ ಅವರ ‘ದಿ ಹೇಟ್ ಯು ಗಿವ್’ (2017). ಗೆಳೆಯನನ್ನು ಪೊಲೀಸ್ ಗುಂಡಿಟ್ಟು ಕೊಂದದ್ದಕ್ಕೆ 16ರ ಹುಡುಗಿಯೊಬ್ಬಳೇ ಸಾಕ್ಷಿ. ಬಾಯಿ ಬಿಡುತ್ತಾಳೋ ಇಲ್ಲವೋ ಅನ್ನುವುದೇ ಇಲ್ಲಿ ಹಿಡಿದಿಡುವ ದಾರ.

ಹಿಂಸೆಯ ಪ್ರಶ್ನೆಗೆ ಬರುತ್ತೇನೆ. ಪುಸ್ತಕದಲ್ಲಿ ಎಷ್ಟು ಜನ ಸತ್ತರು ಅಂತ ನಾನು ಎಣಿಸುವುದಿಲ್ಲ, ಸಾವು ಅಲ್ಲಿ ಎಷ್ಟು ಭಾರ ತೂಗುತ್ತದೆ ಅಂತ ನೋಡುತ್ತೇನೆ. ‘ಹಂಗರ್ ಗೇಮ್ಸ್’ನಲ್ಲಿ ಮಕ್ಕಳು ಮಕ್ಕಳನ್ನು ಕೊಲ್ಲುತ್ತಾರೆ, ಕೇಳಲು ಭಯಂಕರ. ಆದರೆ ಪುಟ್ಟ ಹುಡುಗಿಯೊಬ್ಬಳು ಸತ್ತಾಗ ಕ್ಯಾಟ್‌ನಿಸ್ ಅವಳ ಮೈಮೇಲೆ ಹೂವು ಹೊದಿಸುತ್ತಾಳೆ. ಪುಸ್ತಕ ಕೊಲೆಯನ್ನು ತಮಾಷೆಯಾಗಿ ನೋಡುವವರ ವಿರುದ್ಧ ನಿಂತಿದೆ, ಓದುವ ಮಕ್ಕಳಿಗೆ ಅದು ಗೊತ್ತಾಗುತ್ತದೆ. ಸಾಲುಸಾಲು ಹೆಣ ಬಿದ್ದು ಯಾರೂ ಒಂದು ಗಳಿಗೆ ನಿಲ್ಲದ ಪುಸ್ತಕದ ಬಗ್ಗೆ ನನಗೆ ಹೆಚ್ಚು ತಕರಾರು. ಒಂದು ಕಡೆ ಮಾತ್ರ ನಾನು ಗಟ್ಟಿಯಾಗಿ ಕೈ ಅಡ್ಡ ಹಿಡಿಯುತ್ತೇನೆ: ಆತ್ಮಹತ್ಯೆಯನ್ನೇ ಕಥೆಯ ಗುಟ್ಟಾಗಿಸಿಕೊಂಡ ಕಾದಂಬರಿಗಳು. ಮಗು ಮಂಕಾಗಿದೆ, ಒಬ್ಬಂಟಿಯಾಗಿದೆ ಅನ್ನಿಸಿದರೆ ಅದನ್ನು ಅಂಥ ಪುಸ್ತಕದ ಜೊತೆ ಒಂಟಿಯಾಗಿ ಬಿಡಬೇಡಿ. ಮೊದಲು ಮಗುವಿನ ಜೊತೆ ಮಾತಾಡಿ, ಬೇಕಾದರೆ ತಿಳಿದವರ ಹತ್ತಿರ ಕರೆದುಕೊಂಡು ಹೋಗಿ. ಉಳಿದಂತೆ, ತಾಳಲಾರದ್ದು ಬಂದಾಗ ಹೆಚ್ಚಿನ ಮಕ್ಕಳು ತಾವೇ ಪುಸ್ತಕ ಮುಚ್ಚುತ್ತಾರೆ. ಪರದೆಗಿಂತ ಪುಟದಲ್ಲಿ ಇದು ಸುಲಭ, ಪುಟ ತಾನಾಗಿ ಮುಂದೆ ಓಡುವುದಿಲ್ಲ.

ಕೊಡುವ ಬಗೆ ಹೇಗೆ? ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಓದಿ ಮುಗಿಸಿದವರಿಗೆಲ್ಲ ಹತ್ತು ಪ್ರಶ್ನೆಯ ಹಾಳೆ ಕೊಡುತ್ತಿದ್ದೆ. ‘ಈ ಕಾದಂಬರಿಯಿಂದ ನೀನು ಕಲಿತ ನೀತಿ ಏನು?’ ಅನ್ನುವುದೂ ಅದರಲ್ಲಿತ್ತು. ಒಂದು ತ್ರೈಮಾಸಿಕದಲ್ಲಿ ಓದುಗರು ಅರ್ಧಕ್ಕರ್ಧ ಇಳಿದರು, ಉಳಿದವರು ತೆಳ್ಳಗಿನ ಪುಸ್ತಕವನ್ನೇ ಹುಡುಕತೊಡಗಿದರು. ಒಬ್ಬ ಹುಡುಗಿ ನೇರವಾಗಿ ಕೇಳಿದಳು: ‘ಸಾರ್, ಓದಿದ್ದಕ್ಕೆ ಶಿಕ್ಷೆನಾ?’ ಹಾಳೆಗಳನ್ನು ಅವತ್ತೇ ಎತ್ತಿಟ್ಟೆ. ಫ್ರೆಂಚ್ ಲೇಖಕ, ಮೇಷ್ಟರೂ ಆಗಿದ್ದ ಡ್ಯಾನಿಯಲ್ ಪೆನಾಕ್ 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಬರೆದರು. ಮೊದಲನೆಯದೇ ಓದದಿರುವ ಹಕ್ಕು, ಎರಡನೆಯದು ಪುಟ ಹಾರಿಸುವ ಹಕ್ಕು, ಮೂರನೆಯದು ಮುಗಿಸದಿರುವ ಹಕ್ಕು. ಈಗ ನಮ್ಮ ಗೋಡೆಯ ಮೇಲೆ ಇರುವುದು ಅದು.

ಮುಗಿಸದಿರುವ ಹಕ್ಕನ್ನು ಅವನಿಗೆ ಬಾಯಿಬಿಟ್ಟು ಕೊಡಿ. ಅಮೆರಿಕದ ಲೈಬ್ರರಿಯನ್ ನ್ಯಾನ್ಸಿ ಪರ್ಲ್ ಅವರದ್ದೊಂದು ಪ್ರಸಿದ್ಧ ಲೆಕ್ಕ ಇದೆ: 50 ಪುಟ ಓದು, ಆಮೇಲೂ ಬೇಡ ಅನ್ನಿಸಿದರೆ ಬಿಡು. 50 ವಯಸ್ಸು ದಾಟಿದವರಿಗೆ 100ರಲ್ಲಿ ವಯಸ್ಸು ಕಳೆದು ಉಳಿದಷ್ಟು ಪುಟ ಸಾಕು. ನಿಮ್ಮ ಮಗನ ಮಟ್ಟಿಗೆ 50 ಅಂದರೆ ಬೆಟ್ಟ. 25 ಅಂತ ಒಪ್ಪಂದ ಮಾಡಿಕೊಳ್ಳಿ, ಐದು ಪುಟ ಹೆಚ್ಚು, ಅಷ್ಟೇ. ಒಂದೇ ಪುಸ್ತಕ ಕೈಗಿಟ್ಟು ಎದುರು ನಿಲ್ಲಬೇಡಿ. ಮೂರನ್ನು ಒಟ್ಟಿಗೆ ಇಡಿ, ‘ಇವುಗಳಲ್ಲಿ ಎರಡು ನಿಂಗೆ ಇಷ್ಟ ಆಗಲ್ಲ, ಯಾವುದು ಅಂತ ಹೇಳು’ ಅನ್ನಿ. ತಿರಸ್ಕರಿಸುವ ಕೆಲಸ ಅಂದರೆ ಈ ವಯಸ್ಸಿನವರಿಗೆ ಬಲು ಹುರುಪು. ತಿರಸ್ಕರಿಸಲಾದರೂ ಮೂರನ್ನೂ ತೆರೆಯಬೇಕಲ್ಲ. ನಿಮ್ಮ ಮನೆಗೆ ನನ್ನ ಮೂರು: ‘ಹೋಲ್ಸ್’, ‘ಹ್ಯಾಚೆಟ್’, ‘ಲಾಂಗ್ ವೇ ಡೌನ್’.

ಸಿನಿಮಾ? ನೋಡಲಿ, ಧಾರಾಳವಾಗಿ ನೋಡಲಿ. ಹೆಸರು, ಮುಖ, ಜಾಗ ಮೊದಲೇ ಗೊತ್ತಿದ್ದರೆ ಆ ಮೊದಲ ಇಪ್ಪತ್ತು ಪುಟದ ಏರು ಅವನಿಗೆ ಇಳಿಜಾರಾಗುತ್ತದೆ. 2003ರ ‘ಹೋಲ್ಸ್’ ಚಿತ್ರಕ್ಕೆ ಚಿತ್ರಕಥೆ ಬರೆದದ್ದು ಸ್ಯಾಕರ್ ಅವರೇ. ‘ಹಂಗರ್ ಗೇಮ್ಸ್’ ನೋಡಿ ಬಂದವನಿಗಂತೂ ಪುಸ್ತಕದಲ್ಲಿ ಹೊಸದು ಬೇಕಾದಷ್ಟಿದೆ. ಕಣದಲ್ಲಿ ಕ್ಯಾಟ್‌ನಿಸ್‌ಗೆ ನೀರಿಲ್ಲ, ಹೊರಗಿನಿಂದ ನೀರು ಕಳಿಸಬಹುದಾದವನು ಕಳಿಸುತ್ತಿಲ್ಲ. ಮೊದಲು ಸಿಟ್ಟು ಬರುತ್ತದೆ. ಆಮೇಲೆ ಹೊಳೆಯುತ್ತದೆ: ಅವನು ಕಳಿಸದಿರುವುದೇ ಸಂದೇಶ, ಅಂದರೆ ನೀರು ಇಲ್ಲೇ ಎಲ್ಲೋ ಹತ್ತಿರದಲ್ಲಿದೆ. ಇಂಥ ಒಳಲೆಕ್ಕ ಕ್ಯಾಮೆರಾಕ್ಕೆ ಸಿಗುವುದಿಲ್ಲ. ನಮ್ಮ ಹುಡುಗರು ಪುಸ್ತಕ ಓದುತ್ತ ‘ಸಿನಿಮಾದಲ್ಲಿ ಇದನ್ನ ಬಿಟ್ಟಿದಾರೆ’ ಅಂತ ದೂರು ಹೊತ್ತು ಬರುತ್ತಾರೆ. ಆ ದೂರು ನಿಮ್ಮ ಮನೆಯಲ್ಲಿ ಕೇಳಿಸಿದ ದಿನ ಎರಡನೇ ಭಾಗ ‘ಕ್ಯಾಚಿಂಗ್ ಫೈರ್’ ಮನೆಯಲ್ಲೇ ಇರಲಿ. ಮೊದಲ ಭಾಗ ಮುಗಿಸಿದವನು ರಾತ್ರಿ ಹನ್ನೊಂದಕ್ಕೆ ಬಂದು ಕೇಳಿದರೂ ಕೊಟ್ಟುಬಿಡಿ, ಶನಿವಾರದವರೆಗೆ ಕಾಯಿಸಬೇಡಿ.